ಪಾಕಪ್ರೇಕ್ಷಕ

ಅಡುಗೆಯನ್ನೇ ಕಥಾವಸ್ತುವಾಗಿ ಉಳ್ಳ ಚಲನಚಿತ್ರವನ್ನು ನೋಡುವಾಗ ಕಥೆ, ಅಭಿನಯ, ಛಾಯಾಗ್ರಹಣ, ಸಂಗೀತಗಳನ್ನೆಲ್ಲ ಒತ್ತಟ್ಟಿಗಿರಿಸಿ, ಪರದೆಯ ಮೇಲಿನ ಬಾಣಲೆಗೆ ಯಾವ ಪದಾರ್ಥದ ಹಿಂದೆ ಯಾವ ಪದಾರ್ಥ ಬಿತ್ತೆಂಬುದನ್ನಷ್ಟೇ ಪರಿಶೀಲಿಸಿ, ಅದರ ಬಲದಿಂದಲೇ ಇಡೀ ಕೃತಿಯ ಯೋಗ್ಯತೆಯನ್ನು ತೀರ್ಮಾನಿಸುವ ವ್ಯಕ್ತಿಯನ್ನು ಪಾಕಪ್ರೇಕ್ಷಕನೆಂದು ಕರೆಯಬಹುದು. ಈತ ಸಾಮಾನ್ಯವಾಗಿ ಐವತ್ತು ದಾಟಿದವನು; ಬ್ಯಾಂಕಿನಿಂದಲೋ ಸರ್ಕಾರಿ ಕಚೇರಿಯಿಂದಲೋ ನಿವೃತ್ತನಾದವನು ಅಥವಾ ನಿವೃತ್ತಿಯ ದಿನ ಎಣಿಸುತ್ತಿರುವವನು; ಮದುವೆಮನೆಗಳಲ್ಲಿ ವಧೂವರರಿಗೆ ಅಕ್ಷತೆ ಹಾಕುವ ಮೊದಲೇ ಪಾಕಶಾಲೆಯ ಕಡೆಗೊಮ್ಮೆ ಹೋಗಿ ಅಡುಗೆಭಟ್ಟರು ಯಾವ ಊರಿನವರೆಂದು ವಿಚಾರಿಸಿ ಬರುವವನು; ಮತ್ತು ಸ್ವತಃ ಒಲೆ ಹಚ್ಚದವನು. ಈ ಕೊನೆಯ ಅಂಶವನ್ನು ಲಕ್ಷಣದಿಂದ ಕೈಬಿಡುವಂತಿಲ್ಲ. ದಿನವೂ ಒಲೆ ಹಚ್ಚುವವರಿಗೆ ಅಡುಗೆಯ ಸಿನಿಮಾದಲ್ಲಿ ಕಾಣುವ ಸಂಗತಿಗಳು ಬೇರೆಯೇ ಆಗಿದ್ದು, ಅವರದು ಇನ್ನೊಂದು ಪಂಗಡವಾಗುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಪಾಕಪ್ರೇಕ್ಷಕನು ಚಿತ್ರಮಂದಿರದ ಕಾಲದಲ್ಲಿ ಹುಟ್ಟಿದ ಹೊಸ ಜೀವಿಯೆಂದು ಭಾವಿಸುವುದು ಸರಿಯಲ್ಲ. ಕನ್ನಡನಾಡಿನಲ್ಲಿ ಊಟ ಮಾಡುವವನೇ ಅಡುಗೆಯ ಅಧಿಕಾರಿ ಎಂಬ ಭಾವನೆಗೆ ದೀರ್ಘವಾದ ಪರಂಪರೆಯಿದೆ. 11ನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ, ಎಂದರೆ ಪಾಕವಿದ್ಯೆಗೆ, ಪ್ರತ್ಯೇಕ ಸ್ಥಾನವಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವು ಅರಸನ ಊಟದ ಬಗೆಗಳನ್ನು ವಿವರಿಸುತ್ತ ಇಡ್ಲಿ, ದೋಸೆ, ವಡೆಗಳ ಪೂರ್ವಜರನ್ನು ಹೆಸರಿಸುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನು ಷಟ್ಪದಿಯಲ್ಲಿಯೇ ಬರೆದು, ಪಲ್ಯದ ವಿಧಾನವೂ ಛಂದಸ್ಸಿಗೆ ಒಗ್ಗುತ್ತದೆಂದು ತೋರಿಸಿಕೊಟ್ಟನು. ಚಾಲುಕ್ಯ ಚಕ್ರವರ್ತಿಯು ತಾನೇ ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದಿದ್ದನೆಂದು ಯಾವ ಇತಿಹಾಸಕಾರನೂ ಊಹಿಸುವುದಿಲ್ಲ. ಆದರೆ ಯಾವ ಪದಾರ್ಥಕ್ಕೆ ಏನು ಬೀಳಬೇಕೆಂಬುದನ್ನು ಹೇಳುವಾಗ ಅವನ ಧ್ವನಿಯಲ್ಲಿ ಸಂಶಯದ ಲೇಶವೂ ಇಲ್ಲ. ಇಂದಿನ ಪಾಕಪ್ರೇಕ್ಷಕನು ಸಿಂಹಾಸನದ ಬದಲು ಸೋಫಾದ ಮೇಲೆ ಕುಳಿತಿರುವುದನ್ನು ಬಿಟ್ಟರೆ ಉಳಿದ ವಿಷಯಗಳಲ್ಲಿ ಆ ಪರಂಪರೆಗೆ ಕುಂದು ತಂದಿಲ್ಲ.

ಈ ಜೀವಿಯನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಲು ಅವಕಾಶವಿತ್ತ ಚಿತ್ರವೆಂದರೆ 2014ರಲ್ಲಿ ಪ್ರಕಾಶ್ ರೈ ನಿರ್ದೇಶಿಸಿ ನಟಿಸಿದ 'ಒಗ್ಗರಣೆ'. ಇದು 2011ರಲ್ಲಿ ಆಶಿಕ್ ಅಬು ನಿರ್ದೇಶಿಸಿದ್ದ ಮಲಯಾಳದ 'ಸಾಲ್ಟ್ ಎನ್ ಪೆಪ್ಪರ್' ಚಿತ್ರದ ರೀಮೇಕು, ಅಂದರೆ ಹಕ್ಕು ಪಡೆದು ಮತ್ತೊಂದು ಭಾಷೆಯಲ್ಲಿ ಪುನಃ ತೆಗೆದ ಚಿತ್ರ. ತಮಿಳಿನಲ್ಲಿ 'ಉನ್ ಸಮಯಲ್ ಅರೈಯಿಲ್', ತೆಲುಗಿನಲ್ಲಿ 'ಉಲವಚಾರು ಬಿರಿಯಾನಿ' ಎಂಬ ಹೆಸರುಗಳಿಂದ ಇದೇ ಕಥೆ ಜೊತೆಜೊತೆಗೆ ತಯಾರಾಯಿತು. ಕಥೆಯು ಸ್ವಲ್ಪ ವಿಲಕ್ಷಣವಾದದ್ದೇ. ಮದುವೆಯ ವಯಸ್ಸು ಮೀರಿದ, ಪುರಾತತ್ವದ ಕೆಲಸ ಮಾಡುವ, ನಾಲಿಗೆಯ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳದ ಕಾಳಿದಾಸನೆಂಬ ನಾಯಕನು ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿ, ಅಲ್ಲಿ ಕೊಟ್ಟ ತಿಂಡಿಯ ರುಚಿಗೆ ಮರುಳಾಗಿ, ಹುಡುಗಿಯನ್ನು ಬಿಟ್ಟು ಆ ತಿಂಡಿ ಮಾಡಿದ ಅಡುಗೆಯವನನ್ನೇ ಒಪ್ಪಿಕೊಂಡು ಮನೆಗೆ ಕರೆತರುತ್ತಾನೆ. ಆಮೇಲೆ ಡಬ್ಬಿಂಗ್ ಕಲಾವಿದೆಯೊಬ್ಬಳು, ಅಂದರೆ ಪರದೆಯ ಮೇಲಿನ ನಟಿಯರಿಗೆ ಕಂಠದಾನ ಮಾಡುವವಳು, ದೋಸೆ ತರಿಸಿಕೊಳ್ಳಲೆಂದು ಮಾಡಿದ ಫೋನು ತಪ್ಪಿ ಇವನಿಗೆ ಬರುತ್ತದೆ. ಜಗಳದಿಂದ ಆರಂಭವಾದ ಮಾತು ರುಚಿಯ ದಾರಿ ಹಿಡಿದು ಒಲವಾಗುತ್ತದೆ. ಎದುರುಬದುರು ಕಾಣುವ ಧೈರ್ಯವಿಲ್ಲದೆ ಇಬ್ಬರೂ ತಮ್ಮ ಬದಲಿಗೆ ಎಳೆಯರನ್ನು ಕಳಿಸಿ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಇಳಯರಾಜರ ಸಂಗೀತವಿದೆ, ಜಯಂತ ಕಾಯ್ಕಿಣಿಯವರು ಬರೆದು ಕೈಲಾಶ್ ಖೇರ್ ಹಾಡಿದ, ಬದುಕನ್ನೇ ಒಂದು ಊಟವೆಂದು ಕಾಣುವ ಹಾಡಿದೆ. ನಡುವಯಸ್ಸಿನ ಇಬ್ಬರ ಸಂಕೋಚವನ್ನು ಹಾಸ್ಯಕ್ಕೆ ಗುರಿಮಾಡದೆ ನೋಡುವ ಸೌಜನ್ಯ ಕನ್ನಡ ಚಿತ್ರಗಳಲ್ಲಿ ಅಪರೂಪವಾದ್ದರಿಂದ, ಚಿತ್ರವು ಅದಕ್ಕಾಗಿಯೇ ಗಮನಕ್ಕೆ ಅರ್ಹವೆನ್ನಬೇಕು.

ಪಾಕಪ್ರೇಕ್ಷಕನು ಇವುಗಳಲ್ಲಿ ಯಾವುದನ್ನೂ ಗಮನಿಸಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅವನು ಹೆಣ್ಣು ನೋಡುವ ಪ್ರಸಂಗವನ್ನು ಬಹಳ ಏಕಾಗ್ರತೆಯಿಂದ ಗಮನಿಸಿದನು. ಉಪ್ಪಿಟ್ಟು-ಕೇಸರಿಬಾತುಗಳ ಎದುರು ತಲೆತಗ್ಗಿಸಿ ಕುಳಿತ ವರನ ಪಾತ್ರವನ್ನು ಒಂದು ಕಾಲದಲ್ಲಿ ತಾನೇ ನಿರ್ವಹಿಸಿದ್ದ ಅವನಿಗೆ, ಆ ದಿನ ತನಗೂ ಇಂಥದೊಂದು ಆಯ್ಕೆಯಿತ್ತೆಂಬುದು ಹೊಳೆಯದೆ ಹೋದದ್ದರ ಬಗ್ಗೆ ಕಿಂಚಿತ್ ವ್ಯಥೆಯೂ ಆಗುತ್ತದೆ. ಕಾಳಿದಾಸನ ತೀರ್ಮಾನವನ್ನು ಅವನು ಕನ್ನಡ ಚಿತ್ರರಂಗದಲ್ಲಿ ನಾಯಕನೊಬ್ಬನು ಕೈಗೊಂಡ ಅತ್ಯಂತ ವಿವೇಕಯುತ ತೀರ್ಮಾನವೆಂದು ಬಣ್ಣಿಸುತ್ತಾನೆ. ಅವನ ಪತ್ನಿಯಾದರೋ ಅದೇ ದೃಶ್ಯವನ್ನು ನೋಡಿ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ: "ಅಲ್ಲಾ, ಇವನು ಅಡುಗೆಯವನನ್ನ ಕರ್ಕೊಂಡು ಹೊರಟ್ನಲ್ಲ, ಆ ಮನೇಲಿ ಅವತ್ತು ರಾತ್ರಿ ಊಟಕ್ಕೆ ಯಾರು ಮಾಡಿದ್ರು?" ಒಂದೇ ಸೋಫಾದ ಎರಡು ತುದಿಗಳಲ್ಲಿ ಅಭಿಪ್ರಾಯವು ಹೀಗೆ ಎರಡಾಗಿ ಸೀಳುವುದು ಮುಂದಿನ ವಿವೇಚನೆಗೆ ಮುಖ್ಯವಾದ ಸುಳಿವು.

ಅವನ ಆಕ್ಷೇಪಗಳ ಸ್ವರೂಪವನ್ನು ಈಗ ನೋಡಬಹುದು. ಮೊದಲನೆಯದು ಕ್ರಮಕ್ಕೆ ಸಂಬಂಧಿಸಿದ್ದು. ಎಣ್ಣೆ ಕಾದ ಮೇಲೆ ಸಾಸಿವೆ, ಸಾಸಿವೆ ಚಟಪಟನೆ ಸಿಡಿದ ಮೇಲೆ ಉದ್ದಿನಬೇಳೆ, ಬೇಳೆ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಒಣಮೆಣಸಿನಕಾಯಿ, ಇಂಗು, ಕಟ್ಟಕಡೆಗೆ ಕರಿಬೇವು, ಅದರ ಹಿಂದೆಯೇ ಒಲೆ ಆರಿಸುವುದು ಎಂಬ ವಿಧಿಯನ್ನು ಅವನು ತನ್ನ ತಾಯಿ ಅಡುಗೆ ಮಾಡುವಾಗ ಬಾಗಿಲಲ್ಲಿ ನಿಂತು ಕಂಠಪಾಠ ಮಾಡಿದ್ದಾನೆ. ಚಲನಚಿತ್ರದ ಸಂಕಲನಕಾರನಿಗೆ ಈ ವಿಧಿಯ ಹಂಗಿಲ್ಲ. ಅವನು ಕಣ್ಣಿಗೆ ಹಸಿರು ಬೇಕೆನಿಸಿದಾಗ ಕರಿಬೇವನ್ನೂ ಕೆಂಪು ಬೇಕೆನಿಸಿದಾಗ ಮೆಣಸಿನಕಾಯಿಯನ್ನೂ ತೋರಿಸುತ್ತಾನೆ, ಸಾಸಿವೆ ಸಿಡಿಯುವ ಸದ್ದನ್ನು ಆಮೇಲೆ ಧ್ವನಿ ಮುದ್ರಣದ ಕೋಣೆಯಲ್ಲಿ ಬೇರೆಯಾಗಿ ಸೇರಿಸುತ್ತಾನೆ. ಹೀಗೆ ದೃಶ್ಯಕ್ಕೆ ಹೊಂದುವ ಸದ್ದುಗಳನ್ನು ಹೊರಗಿನಿಂದ ಮಾಡಿ ಕೂಡಿಸುವ ಕಲೆಗೆ ಚಿತ್ರರಂಗದಲ್ಲಿ ಫೋಲಿ ಎಂದು ಹೆಸರು. ಸಾಸಿವೆ ಇನ್ನೂ ಸೌಟಿನಲ್ಲಿರುವಾಗಲೇ ಅದರ ಸಿಡಿತ ಕೇಳಿಸಿತೆಂದು ಪಾಕಪ್ರೇಕ್ಷಕನು ಪಕ್ಕದವರ ಮೊಣಕೈ ತಿವಿಯುವುದುಂಟು. ಆ ಗಳಿಗೆಯಲ್ಲಿ ನಾಯಕಿಯ ಕಣ್ಣಿನಲ್ಲಿ ನೀರಿದ್ದರೂ ಅದು ಈರುಳ್ಳಿಯದೋ ದುಃಖದ್ದೋ ಎಂಬುದು ಅವನಿಗೆ ಅಪ್ರಸ್ತುತ.

ಎರಡನೆಯ ಆಕ್ಷೇಪವು ಹೆಚ್ಚು ಪಾಂಡಿತ್ಯದ್ದು. ಪರದೆಯ ಮೇಲಿನ ಸಾರಿನಿಂದ ಪ್ರೇಕ್ಷಕನಿಗೆ ದೊರೆಯುವ ಏಕಮಾತ್ರ ಪ್ರಮಾಣವೆಂದರೆ ಬಣ್ಣ. ಆದ್ದರಿಂದ ಬಣ್ಣದಿಂದಲೇ ಮೆಣಸಿನಕಾಯಿಯ ತಳಿಯನ್ನು ಅನುಮಾನ ಪ್ರಮಾಣದ ಮೂಲಕ ನಿಶ್ಚಯಿಸಬೇಕೆಂಬುದು ಅವನ ಸಿದ್ಧಾಂತ. ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯು ಗಾಢವಾದ ಕೆಂಪು ಕೊಡುತ್ತದೆ, ಖಾರ ಮಾತ್ರ ಕಡಿಮೆ. ಈ ಗುಣಕ್ಕಾಗಿಯೇ ಹೆಸರಾದ ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕವೆಂಬ ಮಾನ್ಯತೆ, ಎಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಸಲ್ಲುತ್ತದೆಂಬ ಕಾನೂನಿನ ರಕ್ಷಣೆ, ದೊರೆಯಿತು. ಈ ಹಿನ್ನೆಲೆಯಲ್ಲಿ ಕೆಂಪಗೆ ಹೊಳೆಯುವ ಸಾರನ್ನು ಉಂಡ ನಟನು ಹಣೆಯ ಬೆವರೊರೆಸಿಕೊಂಡರೆ ಪಾಕಪ್ರೇಕ್ಷಕನ ನಿರ್ಣಯ ಸಿದ್ಧವಾಗಿರುತ್ತದೆ: ಬಣ್ಣ ಬ್ಯಾಡಗಿಯದು, ಬೆವರು ಖಾರದ ಗುಂಟೂರಿನದು, ಆದ್ದರಿಂದ ಅಭಿನಯ ಕೃತಕ. ಚಲನಚಿತ್ರ ವಿಮರ್ಶೆಯ ಯಾವ ಪಠ್ಯದಲ್ಲಿಯೂ ಸಿಗದ ಈ ಮಾನದಂಡವು ತರ್ಕದ ದೃಷ್ಟಿಯಿಂದ ಮಾತ್ರ ನಿರ್ದುಷ್ಟವಾಗಿದೆ.

ತೆಲುಗಿನ ಹೆಸರನ್ನು ಕೇಳಿದಾಗಲಂತೂ ಅವನಿಗೆ ಅಸೂಯೆಯೇ ಆಯಿತು. ಉಲವಚಾರು ಎಂದರೆ ಹುರುಳಿ ಬೇಯಿಸಿದ ಕಟ್ಟಿನಿಂದ ಮಾಡುವ ಸಾರು. ಕನ್ನಡಿಗರ ಹುರುಳಿಕಟ್ಟಿನ ಸಾರಿಗೆ ಅದು ಹತ್ತಿರದ ನೆಂಟ. ನೆರೆಯವರು ಒಂದು ನಿರ್ದಿಷ್ಟ ಪದಾರ್ಥದ ಹೆಸರಿಟ್ಟು ಎದೆಯುಬ್ಬಿಸಿ ನಿಂತಿರುವಾಗ ಕನ್ನಡದವರು ಒಗ್ಗರಣೆಯೆಂಬ ಸರ್ವಸಾಮಾನ್ಯ ಕ್ರಿಯೆಯ ಹೆಸರಿಟ್ಟು ಸುಮ್ಮನಾದರಲ್ಲ, ಬಸ್ಸಾರು ಎಂದಿಡಬಹುದಿತ್ತಲ್ಲ ಎಂದು ಅವನು ಹಳಹಳಿಸುತ್ತಾನೆ. ಬಸ್ಸಾರು ಎಂದಿಟ್ಟಿದ್ದರೆ ಧಾರವಾಡದವರು ಚಿತ್ರಮಂದಿರಕ್ಕೆ ಬರುತ್ತಿದ್ದರೇ ಎಂಬ ಪ್ರತಿಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಎಣ್ಣೆ ಬೇರೆಯಾದರೂ ಒಗ್ಗರಣೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಮನೆಯಲ್ಲಿಯೂ ಬೀಳುತ್ತದೆ. ಹೆಸರಿಟ್ಟವರಿಗೆ ಈ ವಿಷಯ ಅವನಿಗಿಂತ ಚೆನ್ನಾಗಿ ತಿಳಿದಿತ್ತೆನ್ನಬೇಕು.

ಎಣ್ಣೆಯ ಮಾತು ಬಂದದ್ದರಿಂದ ಮಧ್ಯಂತರದ ವಿಷಯವನ್ನು ಇಲ್ಲಿಯೇ ಹೇಳಬೇಕಾಗುತ್ತದೆ. ಪಾಕಪ್ರೇಕ್ಷಕನು ಒಂಟಿಯಾಗಿರುವ ತನಕ ನಿರುಪದ್ರವಿ. ಇನ್ನೊಂದು ಸೀಮೆಯ ಪಾಕಪ್ರೇಕ್ಷಕನು ಕಾಫಿಯ ಸಾಲಿನಲ್ಲಿ ಎದುರಾದ ಕ್ಷಣದಿಂದ ಚಿತ್ರದ ಚರ್ಚೆಯು ರಾಜ್ಯ ಪುನರ್ವಿಂಗಡಣೆಯ ಸ್ವರೂಪ ಪಡೆಯುತ್ತದೆ. ಮೈಸೂರಿನವನು ಹುಳಿಗೆ ಬೆಲ್ಲದ ಚೂರು ಬೀಳದ ಅಡುಗೆಯನ್ನು ಅಡುಗೆಯೆಂದು ತೋರಿಸಿದ್ದಕ್ಕೆ ನಿರ್ದೇಶಕನನ್ನು ದೂರುತ್ತಾನೆ. ಉಡುಪಿಯವನು ತೆಂಗಿನೆಣ್ಣೆಯ ಬಾಟಲಿಯನ್ನು ಒಂದು ದೃಶ್ಯದಲ್ಲಾದರೂ ತೋರಿಸಬಹುದಿತ್ತೆನ್ನುತ್ತಾನೆ. ಕಲಬುರಗಿಯವನು ಶೇಂಗಾ ಹಿಂಡಿಯೂ ಗುರೆಳ್ಳಿನ ಚಟ್ನಿಪುಡಿಯೂ ಇಲ್ಲದ ತಾಟಿಗೆ ಊಟವೆಂಬ ಹೆಸರೇ ಸಲ್ಲದೆಂದೂ, ಇಡೀ ಚಿತ್ರದಲ್ಲಿ ರೊಟ್ಟಿ ಬಡಿಯುವ ಸಪ್ಪಳ ತನ್ನ ಕಿವಿಗೆ ಬೀಳಲಿಲ್ಲವೆಂದೂ ಹೇಳಿ ಸುಮ್ಮನಾಗುತ್ತಾನೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದು ಅವನಿಗೆ ಈ ಬಗೆಯ ನಿರಾಶೆ ಅಭ್ಯಾಸವಾಗಿದೆ. ಮಂಡ್ಯದವನು ಮುದ್ದೆಯನ್ನು ಅಗಿಯುವ ನಟನನ್ನು ಬೇರೆ ಯಾವುದೋ ಚಿತ್ರದಲ್ಲಿ ಕಂಡು ಎದ್ದುಬಂದ ಸಂಗತಿಯನ್ನು ವರ್ಣಿಸುತ್ತಾನೆ. ಕೊಡಗಿನವನು ಕಾಚಂಪುಳಿಯ, ಅಂದರೆ ಪಂದಿಕರಿಗೆ ಕಪ್ಪುಬಣ್ಣವನ್ನೂ ಹುಳಿಯನ್ನೂ ಕೊಡುವ ಆ ಸೀಮೆಯ ಗಟ್ಟಿ ಹುಳಿಯ, ವಿಷಯವೆತ್ತಿದೊಡನೆ ಮೈಸೂರಿನವನು ಕಾಫಿಯ ಲೋಟ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಹದಿನೈದು ನಿಮಿಷಗಳ ಈ ಸಭೆಯಲ್ಲಿ ಪ್ರಕಾಶ್ ರೈ, ನಾಯಕಿ ಸ್ನೇಹಾ, ಇಳಯರಾಜ ಈ ಮೂವರಲ್ಲಿ ಒಬ್ಬರ ಹೆಸರೂ ಬರುವುದಿಲ್ಲ. ಬರುವುದೆಲ್ಲ ಅವರವರ ತಾಯಂದಿರ ಹೆಸರು. ಗಂಟೆ ಬಾರಿಸಿದ ಮೇಲೆ ಒಳಹೋಗುವಾಗ ಎಲ್ಲರೂ ಚಿತ್ರದ ಬಗ್ಗೆ ಭಿನ್ನಾಭಿಪ್ರಾಯ ಹೊಂದಿದ್ದೇವೆಂದೇ ತಿಳಿದಿರುತ್ತಾರೆ.

ದಿನವೂ ಒಲೆ ಹಚ್ಚುವವರ ಪಂಗಡಕ್ಕೆ ಪಾತ್ರೆಯ ಪಕ್ಷವೆಂದು ಹೆಸರಿಡಬಹುದು. ಈ ಪಕ್ಷದ ಸದಸ್ಯರು, ಬಹುಮಟ್ಟಿಗೆ ಗೃಹಿಣಿಯರು, ಅಲ್ಲೊಬ್ಬ ಇಲ್ಲೊಬ್ಬ ಹೋಟೆಲಿನ ಭಟ್ಟರು, ಸಾಸಿವೆ-ಕರಿಬೇವುಗಳ ಅನುಕ್ರಮದ ಬಗ್ಗೆ ಉದಾಸೀನರು. ಏಕೆಂದರೆ ಅವಸರದ ಬೆಳಗಿನಲ್ಲಿ ಅವರು ಎಲ್ಲವನ್ನೂ ಒಟ್ಟಿಗೇ ಹಾಕಿದ್ದಾರೆ, ಅದನ್ನು ಉಂಡ ಪಾಕಪ್ರೇಕ್ಷಕನು ಬೆರಳು ಚೀಪಿಕೊಂಡು ಎದ್ದಿದ್ದಾನೆ. ಅವರ ಕಣ್ಣು ಹೋಗುವುದು ಸಿಂಕಿನ ಕಡೆಗೆ. ಅಡುಗೆಯ ಚಿತ್ರಗಳಲ್ಲಿ ಹೆಚ್ಚುವುದು, ಹುರಿಯುವುದು, ರುಬ್ಬುವುದು, ಬಡಿಸುವುದು, ಸವಿಯುವುದು ಎಲ್ಲವೂ ಹತ್ತಿರದಿಂದ ತೆಗೆದ ಚಿತ್ರಿಕೆಗಳಲ್ಲಿ ಮೆರೆಯುತ್ತವೆ, ತಳ ಹಿಡಿದ ಬಾಣಲೆಯನ್ನು ನೆನೆಹಾಕಿ ಉಜ್ಜುವ ದೃಶ್ಯ ಮಾತ್ರ ಇಲ್ಲವೆನ್ನುವಷ್ಟು ವಿರಳ. ನಾಯಕ-ನಾಯಕಿಯರು ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ಎರಚಾಡುವ ಹಾಡು ಬಂದಾಗ ಚಿತ್ರಮಂದಿರದ ಒಂದು ಪಾರ್ಶ್ವದಲ್ಲಿ ನಗುವೂ ಇನ್ನೊಂದು ಪಾರ್ಶ್ವದಲ್ಲಿ ನಿಟ್ಟುಸಿರೂ ಕೇಳಿಸುವುದಕ್ಕೆ ಇದೇ ಕಾರಣ. 2021ರಲ್ಲಿ ಜಿಯೋ ಬೇಬಿ ನಿರ್ದೇಶನದ ಮಲಯಾಳದ 'ದ ಗ್ರೇಟ್ ಇಂಡಿಯನ್ ಕಿಚನ್' ಬಂದು, ಸಿಂಕನ್ನೂ ಅದರಿಂದ ಸೋರುವ ಕೊಳೆನೀರನ್ನೂ ಕಥೆಯ ನಡುವೆ ತಂದಿಟ್ಟಾಗ ಪಾತ್ರೆಯ ಪಕ್ಷಕ್ಕೆ ತನ್ನದೊಂದು ಚಿತ್ರ ಸಿಕ್ಕಿತು. ಪಾಕಪ್ರೇಕ್ಷಕನು ಅದನ್ನೂ ನೋಡಿದನು. ಮೊದಲ ಕಾಲುಗಂಟೆಯ ಅಡುಗೆ ಸೊಗಸಾಗಿತ್ತು, ಆಮೇಲೆ ಯಾಕೋ ಚಿತ್ರದ ಹದ ತಪ್ಪಿತೆಂಬುದು ಅವನ ಅಭಿಪ್ರಾಯ. ಆ ಅಭಿಪ್ರಾಯ ಹೊರಬಿದ್ದ ಸಂಜೆ ಅವನ ಮನೆಯಲ್ಲಿ ಊಟಕ್ಕೆ ಅವಲಕ್ಕಿ-ಮೊಸರಿತ್ತು.

ಇಷ್ಟೊಂದು ಭಿನ್ನತೆಗೆ ಮೂಲವೇನೆಂದು ವಿಚಾರಿಸಿದರೆ, ದೋಷವು ಪ್ರೇಕ್ಷಕನಿಗಿಂತ ಮಾಧ್ಯಮದಲ್ಲಿಯೇ ಇರುವುದು ಕಂಡುಬರುತ್ತದೆ. ಚಲನಚಿತ್ರವು ಕಣ್ಣಿಗೂ ಕಿವಿಗೂ ಬೇಕಾದುದನ್ನು ಒದಗಿಸುತ್ತದೆ, ನಾಲಿಗೆಗೆ ಏನನ್ನೂ ಒದಗಿಸುವುದಿಲ್ಲ. ನರ್ತಕಿಯ ಕುರಿತ ಚಿತ್ರದಲ್ಲಿ ನರ್ತನವನ್ನು ನೋಡಬಹುದು, ಗಾಯಕನ ಕುರಿತ ಚಿತ್ರದಲ್ಲಿ ಗಾಯನವನ್ನು ಕೇಳಬಹುದು, ಅದ್ಭುತ ಬಾಣಸಿಗನ ಕುರಿತ ಚಿತ್ರದಲ್ಲಿ ಅವನ ಅದ್ಭುತವನ್ನು ಮಾತ್ರ ಬೇರೊಬ್ಬರ ಮುಖ ನೋಡಿ ನಂಬಬೇಕು. ಹೀಗೆ ಖಾಲಿ ಉಳಿದ ತಟ್ಟೆಗೆ ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ಮನೆಯ ಪದಾರ್ಥವನ್ನೇ ಬಡಿಸಿಕೊಳ್ಳುತ್ತಾನೆ, ಬಳಿಕ ಅದು ಪರದೆಯ ಮೇಲಿನದಕ್ಕೆ ಹೊಂದಲಿಲ್ಲವೆಂದು ನಿರ್ದೇಶಕನ ಮೇಲೆ ಮುನಿಯುತ್ತಾನೆ. ಭಾರತೀಯ ಕಾವ್ಯಮೀಮಾಂಸೆಯು ಈ ತೊಡಕನ್ನು ತಾನೇ ತಂದುಕೊಂಡಿತೆಂದೂ ಹೇಳಬಹುದು. ಭರತನು 'ನಾಟ್ಯಶಾಸ್ತ್ರ'ದ ಆರನೆಯ ಅಧ್ಯಾಯದಲ್ಲಿ ರಸವನ್ನು, ಎಂದರೆ ನಾಟಕ ನೋಡುವವನ ಅನುಭವದಲ್ಲಿ ಉಂಟಾಗುವ ಆಸ್ವಾದವನ್ನು, ವಿವರಿಸಲು ಅಡುಗೆಮನೆಗೇ ಹೋದನು. ನಾನಾ ವ್ಯಂಜನಗಳ, ಅಂದರೆ ಅನ್ನದೊಡನೆ ಕಲಸುವ ಪದಾರ್ಥಗಳ, ಸಂಯೋಗದಿಂದ ಸಿದ್ಧವಾದ ಅನ್ನವನ್ನು ಉಣ್ಣುವವರು ರುಚಿಯನ್ನು ಸವಿಯುವಂತೆ ಸುಮನಸರಾದ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆಂದು ಹೇಳಿದನು. ಮುಂದಿನ ಆಲಂಕಾರಿಕರು ಇಂಥ ಪ್ರೇಕ್ಷಕನನ್ನು ಸಹೃದಯನೆಂದು ಕರೆದರು. ಭರತನು ಊಟದಿಂದ ನಾಟಕಕ್ಕೆ ಹೋದನು, ಪಾಕಪ್ರೇಕ್ಷಕನು ನಾಟಕದಿಂದ ಊಟಕ್ಕೆ ಮರಳುತ್ತಾನೆ. ದಾರಿ ಒಂದೇ ಆಗಿರುವಾಗ ತನ್ನನ್ನು ಸಹೃದಯನಲ್ಲವೆನ್ನುವುದು ಹೇಗೆಂದು ಅವನು ಕೇಳಿದರೆ ಪಂಡಿತರು ಸ್ವಲ್ಪ ಹೊತ್ತು ತಡವರಿಸಬೇಕಾಗುತ್ತದೆ.

ಹೊರದೇಶದ ಚಿತ್ರಗಳೂ ಅವನ ಪಕ್ಷಕ್ಕೆ ಸಾಕ್ಷಿ ನುಡಿಯುತ್ತವೆ. 2007ರಲ್ಲಿ ಬ್ರ್ಯಾಡ್ ಬರ್ಡ್ ನಿರ್ದೇಶಿಸಿದ 'ರ‍್ಯಾಟಟೂಯಿ' ಎಂಬ ಅನಿಮೇಷನ್ ಚಿತ್ರದಲ್ಲಿ ಪ್ಯಾರಿಸ್ಸಿನ ಹೋಟೆಲೊಂದರ ಅಸಾಮಾನ್ಯ ಬಾಣಸಿಗನು ಒಂದು ಇಲಿ. ಮೊಮ್ಮಕ್ಕಳ ಒತ್ತಾಯಕ್ಕೆ ಕುಳಿತ ಪಾಕಪ್ರೇಕ್ಷಕನು ಮೊದಲ ಅರ್ಧಗಂಟೆಯನ್ನು ಮೂಗು ಮುಚ್ಚಿಕೊಂಡು ಕಳೆದನು. ಇಲಿಯು ರಾಜಯೋಗ್ಯವಾದ ಪಾಕದೊಂದಿಗೆ ಸಂಬಂಧ ಹೊಂದುವುದು ಅಪೂರ್ವವೇನೂ ಅಲ್ಲ. 'ಮಾನಸೋಲ್ಲಾಸ'ದಲ್ಲಿಯೂ ಇಲಿಯುಂಟು, ಆದರೆ ಅದು ಅಲ್ಲಿರುವುದು ಅಡುಗೆ ಮಾಡುವ ಕಡೆಗಲ್ಲ, ಅಡುಗೆಯಾಗುವ ಕಡೆಗೆ. ಈ ಶಾಸ್ತ್ರಾಧಾರವನ್ನು ಅವನಿಗೆ ಯಾರೂ ತಿಳಿಸಿಲ್ಲ, ತಿಳಿಸದಿರುವುದೇ ಒಳ್ಳೆಯದು. ಚಿತ್ರದ ಕೊನೆಯ ಭಾಗದಲ್ಲಿ ಆಂಟನ್ ಈಗೋ ಎಂಬ, ಹೋಟೆಲುಗಳ ಅನ್ನ ಕಸಿಯುವಷ್ಟು ಕಠೋರನಾದ ಆಹಾರ ವಿಮರ್ಶಕನು ತರಕಾರಿಯ ಒಂದು ತುತ್ತು ಬಾಯಿಗಿಟ್ಟೊಡನೆ ಬಾಲ್ಯದ ಮನೆಯ ಬಾಗಿಲಿಗೆ, ತಾಯಿಯ ಮುಂದಕ್ಕೆ ಹೋಗಿ ನಿಲ್ಲುತ್ತಾನೆ. ಅವನ ಕೈಯ ಲೇಖನಿ ಜಾರಿ ಬೀಳುತ್ತದೆ. ಅಲ್ಲಿಯ ತನಕ ಇಲಿಯನ್ನು ಬಯ್ಯುತ್ತಿದ್ದ ಪಾಕಪ್ರೇಕ್ಷಕನು ಈ ಹಂತದಲ್ಲಿ ಕನ್ನಡಕ ಒರೆಸಿಕೊಳ್ಳುವ ನೆಪದಿಂದ ಎದ್ದು ಬಚ್ಚಲುಮನೆಗೆ ಹೋದನು. ವಿಮರ್ಶೆಯೆಂದರೆ ಕಟ್ಟಕಡೆಗೆ ತಾಯಿಯ ಅಡುಗೆಯ ಸ್ಮರಣೆಯೆಂಬ ತನ್ನ ವಾದಕ್ಕೆ ಪ್ಯಾರಿಸ್ಸಿನಿಂದಲೂ ಬೆಂಬಲ ಬಂದದ್ದು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ. ಸೊಸೆಯು ಆ ಚಿತ್ರದ ಬಗ್ಗೆ ಹೇಳಿದ್ದು ಒಂದೇ ಮಾತು: ಇಲಿಗಳು ಅಡುಗೆಗೆ ಮುಂಚೆ ಕೈತೊಳೆದಾದರೂ ಬರುತ್ತವೆ.

ಇದಕ್ಕೆ ವ್ಯತಿರಿಕ್ತವಾಗಿ, ಗೇಬ್ರಿಯಲ್ ಆಕ್ಸೆಲ್ 1987ರಲ್ಲಿ ತೆಗೆದ ಡೆನ್ಮಾರ್ಕಿನ 'ಬ್ಯಾಬೆಟ್ಸ್ ಫೀಸ್ಟ್' ಅವನನ್ನು ಕೆರಳಿಸಿತು. ಪ್ಯಾರಿಸ್ಸಿನ ದಂಗೆಯಿಂದ ತಪ್ಪಿಸಿಕೊಂಡು ಬಂದ ಬ್ಯಾಬೆಟ್ ಎಂಬಾಕೆ ಸಮುದ್ರತೀರದ ಹಳ್ಳಿಯೊಂದರಲ್ಲಿ ಧರ್ಮನಿಷ್ಠರಾದ ಇಬ್ಬರು ಅಕ್ಕತಂಗಿಯರ ಮನೆಯಲ್ಲಿ ಸಪ್ಪೆ ಗಂಜಿ ಕಾಯಿಸಿಕೊಂಡು ವರ್ಷಗಟ್ಟಲೆ ಇರುತ್ತಾಳೆ. ಲಾಟರಿಯಲ್ಲಿ ಹತ್ತು ಸಾವಿರ ಫ್ರಾಂಕು ಬಂದಾಗ ಅಷ್ಟನ್ನೂ ಹನ್ನೆರಡು ಜನರ ಒಂದೇ ಊಟಕ್ಕೆ ಸುರಿಯುತ್ತಾಳೆ. ಊಟದ ಸುಖವೇ ಪಾಪವೆಂದು ನಂಬಿದ ಹಳ್ಳಿಯವರು ರುಚಿಯ ಬಗ್ಗೆ ಒಂದಕ್ಷರವನ್ನೂ ಆಡಬಾರದೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಬೆರಳೆಣಿಕೆಯ ಲೋಕಪ್ರಸಿದ್ಧ ಪದಾರ್ಥಗಳು ಒಂದರ ಹಿಂದೊಂದು ಬರುತ್ತಿರುವಾಗ ಅವರು ಹವಾಮಾನದ ಮಾತಾಡುತ್ತಾರೆ. ಈ ಒಪ್ಪಂದದ ಸುದ್ದಿ ಗೊತ್ತಿಲ್ಲದ ಸೇನಾಧಿಕಾರಿಯೊಬ್ಬನು ಮಾತ್ರ ಪ್ರತಿ ತುತ್ತಿಗೂ ಬೆರಗಾಗಿ, ಇದು ಎಲ್ಲಿಯದು, ಯಾರ ಕೈಯದು ಎಂದು ವಿವರಿಸುತ್ತ ಹೋಗುತ್ತಾನೆ, ಉಳಿದವರು ಹಿಮ ಬಿದ್ದೀತೆನ್ನುತ್ತಾರೆ. ಜಗತ್ತಿನ ವಿಮರ್ಶಕರು ಈ ದೃಶ್ಯದಲ್ಲಿ ಕೃಪೆ, ತ್ಯಾಗ, ಕಲೆಗಳ ಅರ್ಥವನ್ನು ಕಂಡರು, ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ಕೋಳಿಯನ್ನೂ ಮುಟ್ಟದ ಪಾಕಪ್ರೇಕ್ಷಕನು ಅಲ್ಲಿನ ಆಮೆಯ ಸೂಪನ್ನೂ ಹಿಟ್ಟಿನ ಗೂಡಿನಲ್ಲಿಟ್ಟ ಹಕ್ಕಿಯನ್ನೂ ಸಹಿಸಿಕೊಂಡನು. ಹಳ್ಳಿಯವರು ಉಂಡು "ಚೆನ್ನಾಗಿದೆ" ಎನ್ನದೆ ಎದ್ದುಹೋದದ್ದನ್ನು ಸಹಿಸಲಿಲ್ಲ. ಆ ಹೆಂಗಸಿಗೆ ಎಷ್ಟು ನೋವಾಗಿರಬೇಕು, ಅಷ್ಟೂ ತಿಳಿಯದೇ ಆ ಜನಕ್ಕೆ ಎಂದು ಅವನು ರಾತ್ರಿ ಮಲಗುವ ತನಕ ಗೊಣಗಿದನು. ಅವನ ಪತ್ನಿ ಆ ಗೊಣಗಾಟವನ್ನು ಪೂರ್ತಿ ಕೇಳಿಸಿಕೊಂಡಳು. ಅಂದು ಮಧ್ಯಾಹ್ನದ ಮಜ್ಜಿಗೆಹುಳಿಯ ಬಗ್ಗೆ ಅವನು ಏನು ಹೇಳಿದ್ದನೆಂಬುದನ್ನು ಅವಳು ನೆನಪಿಸಲಿಲ್ಲ. ಅವನು ಏನೂ ಹೇಳಿರಲಿಲ್ಲ.

ಕಿರಿಯ ತಲೆಮಾರಿನಲ್ಲಿ ಈ ವರ್ಗದ ಇನ್ನೊಂದು ಉಪಜಾತಿ ಕಾಣಿಸಿಕೊಂಡಿದೆ. ಮನೆಯಲ್ಲಿಯೇ ಚಿತ್ರ ನೋಡುವ ಸೌಲಭ್ಯ ಬಂದ ಮೇಲೆ ಹುಟ್ಟಿದ ಇವರು ಬಾಣಲೆಯ ದೃಶ್ಯವನ್ನು ನಿಲ್ಲಿಸಿ, ಹಿಗ್ಗಿಸಿ, ಫೋಟೋ ತೆಗೆದು, ಪದಾರ್ಥಗಳನ್ನು ತರಿಸಿಕೊಂಡು ಮಾಡಿಯೂ ನೋಡುತ್ತಾರೆ. 'ಸಾಲ್ಟ್ ಎನ್ ಪೆಪ್ಪರ್'ನಲ್ಲಿ ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯುತ್ತ ಪದರದ ಮೇಲೆ ಪದರವಿಟ್ಟು ಬಣ್ಣದ ಕೇಕು ಮಾಡಿದ ಹೆಂಗಸಿನ ಕಥೆ ಬರುತ್ತದೆ. ಆ ಕೇಕನ್ನು ಮನೆಯಲ್ಲಿ ಮಾಡಿ ನೋಡಿದವರುಂಟು. ಇವರ ಅಭಿಪ್ರಾಯಭೇದವು ಐದರಲ್ಲಿ ಎಷ್ಟು ನಕ್ಷತ್ರವೆಂಬ ಲೆಕ್ಕಕ್ಕೆ ಮುಗಿದುಹೋಗುವುದರಿಂದ ಹಿರಿಯರ ವಾದಗಳಲ್ಲಿರುವ ಸ್ವಾರಸ್ಯ ಇಲ್ಲಿ ಕಡಿಮೆ, ಹೊಟ್ಟೆ ತುಂಬುವ ಸಂಭವ ಮಾತ್ರ ಹೆಚ್ಚು.

ಗಂಭೀರ ವಿಮರ್ಶಕನೊಡನೆ ಪಾಕಪ್ರೇಕ್ಷಕನ ಮುಖಾಮುಖಿಯೊಂದನ್ನು ಹೇಳದೆ ಈ ವಿವೇಚನೆ ಮುಗಿಯುವುದಿಲ್ಲ. ಮೂಲ ಮಲಯಾಳ ಚಿತ್ರದಲ್ಲಿ, ಪುರಾತತ್ವದವನಾದ ನಾಯಕನು ಬುಡಕಟ್ಟಿನ ಹಿರಿಯನೊಬ್ಬನನ್ನು ತನ್ನ ಮನೆಗೆ ತಂದಿರಿಸಿಕೊಳ್ಳುವ ಉಪಕಥೆಯಿದೆ. ಅದು ಮುಖ್ಯಕಥೆಯೊಡನೆ ಬೆರೆಯುವುದಿಲ್ಲವೆಂದು ಕೆಲವರು, ಬೆರೆಯದಿರುವುದೇ ಅದರ ಅರ್ಥವೆಂದು ಕೆಲವರು ವಾದಿಸಬಹುದು. ನೆರೆಮನೆಯ ಕಾಲೇಜು ಅಧ್ಯಾಪಕರು, ಚಿತ್ರೋತ್ಸವಗಳ ಪಾಸು ಕೊರಳಿಗೆ ಹಾಕಿಕೊಂಡು ಓಡಾಡುವ ಅಭ್ಯಾಸವುಳ್ಳವರು, ಒಂದು ಭಾನುವಾರ ಈ ಉಪಕಥೆಯನ್ನು ಎತ್ತಿಕೊಂಡು ವಸಾಹತುಶಾಹಿ ದೃಷ್ಟಿ, ಅಂದರೆ ಪರಕೀಯ ಆಳರಸರು ಆಳಿಸಿಕೊಂಡವರನ್ನು ಒಂದು ವಸ್ತುವಾಗಿ ಕಾಣುವ ಬಗೆ, ಇದರಲ್ಲಿ ಹೇಗೆ ಉಳಿದುಕೊಂಡಿದೆಯೆಂದು ಮುಕ್ಕಾಲು ಗಂಟೆ ವಿವರಿಸಿದರು. ಪಾಕಪ್ರೇಕ್ಷಕನು ಅಡ್ಡಬಾಯಿ ಹಾಕದೆ, ಕೈಯಲ್ಲಿದ್ದ ಕೋಡುಬಳೆಯನ್ನೂ ಮುರಿಯದೆ ಕೇಳಿದನು. ಅಧ್ಯಾಪಕರು ಮುಗಿಸಿದ ಮೇಲೆ, "ಅದೆಲ್ಲ ಸರಿ ಸಾರ್. ಆ ಅಜ್ಜ ಅಷ್ಟು ದಿನ ಅವರ ಮನೇಲಿದ್ದನಲ್ಲ, ಕಾಡಲ್ಲಿ ಅವರು ಏನು ಉಣ್ತಾರೆ, ಹೇಗೆ ಬೇಯಿಸ್ತಾರೆ ಅಂತ ಆ ತಿಂಡಿಪೋತ ಒಂದು ಸಲನಾದ್ರೂ ಕೇಳಿದ್ನೇ?" ಎಂದನು. ಅಧ್ಯಾಪಕರು ಚಿತ್ರವನ್ನು ಇನ್ನೊಮ್ಮೆ ನೋಡಿ ಹೇಳುವುದಾಗಿ ತಿಳಿಸಿ, ಇನ್ನೆರಡು ಕೋಡುಬಳೆ ತೆಗೆದುಕೊಂಡರು.